ಉಣ್ಣೆಯಂತೆ ಬಾರದ ರಬ್ಬರ್

ದೋರನಹಳ್ಳಿಯ ಬೀರೇಶ ಕುರಿಯ ಮೈಯಿಂದ ಉಣ್ಣೆ ತೆಗೆದರೆ ಹಾಸಿದ ಕಂಬಳಿಯಂತೆ ಒಂದೇ ತುಂಡಾಗಿ ಬರುತ್ತದೆ. ಇದನ್ನು ನಾನು ಹೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ. ಕುರಿಗಳಿಗೆ ಮಾತು ಬಂದಿದ್ದರೆ ಅವೂ ಹೇಳುತ್ತಿದ್ದವಂತೆ.

ಇಂಥವನು ಸುರಪುರದ ಯಾರದೋ ಹಿತ್ತಲಲ್ಲಿ ನಿಂತೇಹೋಗಿದ್ದ ಹಳೆಯ ಅಂಬಾಸಿಡರ್ ಕಾರಿಗೆ ಎರಡು ಟಗರು ಕೊಟ್ಟು, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಕಾರು ಮರಿಗಳ ದೊಡ್ಡಿಗೆ ಬಂತು, ಮರಿಗಳು ಪಡಸಾಲೆಗೆ ಬಂದವು, ಹೆಂಡತಿ ಮಲಕಮ್ಮನ ಸಿಟ್ಟು ಓಣಿಗೆ ಬಂತು. ಇದರಲ್ಲೇ ನಿನ್ನನ್ನು ತಿಂಥಣಿ ಜಾತ್ರೆಗೆ ಕರೆದೊಯ್ಯುತ್ತೇನೆ ಎಂದ. ಟಗರು ವಾಪಸ್ ತಾ ಎಂದಳು.

ಇಂಜಿನ್ ಎಬ್ಬಿಸಿದ, ಅದು ನಿಜ. ಬಣ್ಣ ಹಚ್ಚಲು ಗಾಜು ತೆಗೆಯಬೇಕು. ಗಾಜು ಹಿಡಿದ ರಬ್ಬರ್ ಪಟ್ಟಿ ಬಿಸಿಲಿಗೆ ಕಟ್ಟಿಗೆಯಾಗಿತ್ತು. ಹಿಂದಿನ ಗಾಜಿನ ರಬ್ಬರನ್ನು ಉಣ್ಣೆಯಂತೆ ಒಂದೇ ತುಂಡಾಗಿ ಬಿಡಿಸುತ್ತೇನೆಂದು ಸ್ಕ್ರೂಡ್ರೈವರ್ ಹಾಕಿ ಮೀಟಿದ. ಗಾಜು ಜೋಳದ ಕಾಳಿನಂತೆ ಉದುರಿತು. ಆಗ ಮಲಕಮ್ಮ ಷರತ್ತು ಹಾಕಿದಳು: ಮುಂದಿನ ಗಾಜೂ ಒಡೆದರೆ ಕಾರು ಗುಜರಿಗೆ.

ಶಹಾಪುರದ ಗುಜರಿಯವನು ನಾನು. ಅವಳೇ ಫೋನ್ ಮಾಡಿ ಕರೆಸಿದ್ದಳು. ಗಾಡಿ ನೆರಳಿಗೆ ನಿಲ್ಲಿಸಿ ಚಹಾ ಕುಡಿಯುತ್ತ ಕುಳಿತೆ. ಒಡೆಯಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ.

"ಸಾವ್ಕಾರ್ರ, ಹಗ್ಗ ಬಿಚ್ಚಬ್ಯಾಡ್ರಿ. ಇವತ್ತ ಖಾಲಿ ಹೋಗ್ತೀರಿ," ಅಂದ ಬೀರೇಶ.

"ಹಿಂದಿನ ಗಾಜಿಗೂ ಹಿಂಗ ಅಂದಿದ್ಯಂತಲ್ಲಪ್ಪ ನೀ."

"ಅದು ಗಾಜಿನ ತಪ್ಪರಿ."

ಬಿಸಿನೀರು ಸುರಿದ. ಸಾಬೂನು ತಿಕ್ಕಿದ. ಪಟ್ಟಿಯ ಅಂಚಿಗೆ ಬೆರಳು ಹಾಕಿ, ಬೆದರಿದ ಕುರಿಯನ್ನು ಪುಸಲಾಯಿಸಿದಂತೆ ಪುಸಲಾಯಿಸಿದ. ಗೇಣಷ್ಟು ಎದ್ದು ಮತ್ತೆ ಹಿಡಿದುಕೊಂಡಿತು. ಅವನ ಕೈ ಸ್ಕ್ರೂಡ್ರೈವರಿನತ್ತ ಹೋಯಿತು. ನಾನು ಚಹಾದ ಗ್ಲಾಸು ಕೆಳಗಿಟ್ಟೆ.

"ಏ, ಇಡು ಅದನ್ನ!" ಮರಿಗೆ ಹಾಲು ಕುಡಿಸುತ್ತಿದ್ದ ಮಲಕಮ್ಮ ಎದ್ದು ಬಂದಳು. "ಅದೇನು ಉಣ್ಣಿ ಅಂತ ತಿಳದೀಯೇನ? ಕಂಬಳಿ ನೇಯಸ್ತೀಯೇನ ಅದರ್ಲೆ? ಉಳೀಬೇಕಾದದ್ದು ಗಾಜು. ರಬ್ಬರ್ ಚೂರು ಚೂರು ಆದ್ರ ಯಾಂವ ಅಳ್ತಾನ?"

"ಒಡದ್ರ ನಿನಗ ಚಲೋನ ಅಲ್ಲ? ನಡುವ ನಿಂದೇನ?"

"ಒಡೀಲಿ. ಹಿಂಗ ದಡ್ಡತನದಲೆ ಒಡೀಬ್ಯಾಡ. ಓಣ್ಯಾಗ ನಾನೂ ತಿರಗ್ಯಾಡಬೇಕು."

ಬೀರೇಶ ಸ್ಕ್ರೂಡ್ರೈವರ್ ಕೆಳಗಿಟ್ಟ. ಚೂರಿಯನ್ನು ಸಾಬೂನು ನೀರಲ್ಲಿ ಅದ್ದಿ, ಗಾಜಿಗೆ ತಾಗದಂತೆ ರಬ್ಬರಿನ ಹೊರಗಿನ ತುಟಿಯನ್ನು ಕೊಯ್ಯತೊಡಗಿದ. ಕರಿ ಚೂರುಗಳು ಬಾನೆಟ್ ಮೇಲೆ ಕುರಿ ಹಿಕ್ಕೆಯಂತೆ ಬಿದ್ದವು.

ಸುತ್ತು ಮುಗಿದ ಮೇಲೆ ಒಳಗಿನಿಂದ ಒಬ್ಬರು ನೂಕಬೇಕು, ಹೊರಗೆ ಒಬ್ಬರು ಹಿಡಿಯಬೇಕು. ಬೀರೇಶ ನನ್ನನ್ನು ನೋಡಿದ, ನನ್ನ ಗಾಡಿಯನ್ನು ನೋಡಿದ, ಮುಖ ತಿರುಗಿಸಿದ. ವ್ಯವಹಾರ ಬಲ್ಲವನು.

ಕಾರು ಬಂದಂದಿನಿಂದ ಅದರ ಬಾಗಿಲು ಮುಟ್ಟದ ಮಲಕಮ್ಮ ನೆಲಕ್ಕೆ ತನ್ನ ಕಂಬಳಿ ಹಾಸಿ, ಒಳಗೆ ಹೋಗಿ, ಸೀಟಿಗೆ ಬೆನ್ನು ಕೊಟ್ಟು ಎರಡೂ ಪಾದಗಳನ್ನು ಗಾಜಿಗೆ ಊರಿದಳು.

"ಸಾವಕಾಶ, ಮಲಕಿ! ಮೂಲಿ ಕಡಿಂದ!"

"ನನಗ ಹೇಳಬ್ಯಾಡ. ಹಿಡಿ ನೀ."

ಟಕ್ ಎಂದಿತು. ನಾನು ಎದ್ದು ನಿಂತೆ. ಒಡೆದದ್ದಲ್ಲ, ಬಿಟ್ಟದ್ದು. ಗಾಜು ಇಡಿಯಾಗಿ ಬೀರೇಶನ ತೋಳಿಗೆ ಬಂದು ಕಂಬಳಿಯ ಮೇಲೆ ಮಲಗಿತು.

"ಸಾವ್ಕಾರ್ರ, ಕರದದ್ದು ನಾನ. ಖಾಲಿ ಕೈಲೆ ಹೋಗಬ್ಯಾಡ್ರಿ, ಆ ರಬ್ಬರ್ ಚೂರು ಒಯ್ಯಿರಿ," ಅಂದಳು ಮಲಕಮ್ಮ, ಒಳಗಿನಿಂದಲೇ.

"ಅದನ್ನ ಯಾರು ತೊಗೋತಾರವ್ವ?"

ಅವಳು ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಳು.

"ತಿಂಥಣಿ ತನಕ ಈ ಸೀಟಿನ ಮ್ಯಾಲ ನಾ ಕೂಡಂಗಿಲ್ಲ ನೋಡು," ಅಂದಳು ಗಂಡನಿಗೆ. "ಸ್ಪ್ರಿಂಗ್ ಚುಚ್ಚತದ."