ಅವ್ವನ ನೂರು ಬಿಳಿಕಣಗಳು

ಲೆಕ್ಕದಲ್ಲಿ ನಾನು ದಡ್ಡಿ. ಕನ್ನಡದಲ್ಲಿ ಎಂ.ಎ. ಮಾಡಿ ಬಂದವಳಾದರೂ ಕ್ಯಾಲೆಂಡರಿನ ದಿನಗಳನ್ನು ಬೆರಳು ಮಡಿಸಿಯೇ ಎಣಿಸುತ್ತೇನೆ. ಅಂಥವಳು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನಾಗಮಂಗಲದ ರಕ್ತಪರೀಕ್ಷೆಯ ಕೋಣೆಯೊಂದರಲ್ಲಿ, ಐದು ಅಂಕಿಗಳಿಗಾಗಿ ಜಗಳಕ್ಕೆ ನಿಂತೆ.

ಅವ್ವನಿಗೆ ಎರಡು ತಿಂಗಳಿಂದ ಕೆಮ್ಮು, ಉಬ್ಬಸ. ಡಾಕ್ಟರಿಗೆ ಕ್ಷಯದ ಅನುಮಾನ; ರಕ್ತದಲ್ಲಿ ಬೇರೇನೂ ಕಾಣದಿದ್ದರೆ ನಾಳೆಯಿಂದಲೇ ಅದರ ಔಷಧ ಎಂದಿದ್ದರು. ಸುದ್ದಿ ಊರಿಗೆ ಮುಟ್ಟಿ, ಡೈರಿಯಲ್ಲಿ ಅವ್ವ ತಂದ ಹಾಲನ್ನು ಆಗಲೇ ಬೇರೆ ಕ್ಯಾನಿಗೆ ಸುರಿಯತೊಡಗಿದ್ದರು.

ಬಿಳಿ ರಕ್ತಕಣಗಳಲ್ಲಿ ಐದು ಜಾತಿ. ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೂರು ಕಣಗಳನ್ನು ನೋಡಿ, ಯಾವ ಜಾತಿಯವು ಎಷ್ಟೆಂದು ಬರೆಯುವುದೇ ಈ ಪರೀಕ್ಷೆ. ಕೀವಿನ ಸೋಂಕಿಗೆ ನ್ಯೂಟ್ರೋಫಿಲ್ ಏರುತ್ತದೆ. ಅಲರ್ಜಿಗೆ, ಹುಳುವಿಗೆ ಇಯೋಸಿನೋಫಿಲ್. ಮೊತ್ತ ನೂರೇ ಆದ್ದರಿಂದ ಒಬ್ಬರ ಪಾಲು ಹೆಚ್ಚಿದರೆ ಇನ್ನೊಬ್ಬರದು ಇಳಿಯಲೇಬೇಕು. ಜಾತಿ ಕೇಳುವವರ ಮೇಲೆ ಲೇಖನ ಬರೆದು ಹರಿಹಾಯುತ್ತಿದ್ದ ನಾನು ಇಲ್ಲಿ ಮಾತ್ರ ಅದರ ಕಟ್ಟಾ ಪಕ್ಷಪಾತಿ.

ವರದಿ ಬಂತು: ಅರವತ್ತೆರಡು, ಮೂವತ್ತು, ಐದು, ಮೂರು, ಸೊನ್ನೆ. ಮೂರನೆಯದು, ಆ ಐದು, ಇಯೋಸಿನೋಫಿಲ್. ಏನೂ ತೊಂದರೆಯಿಲ್ಲದವರ ಅಂಕಿಗಳು. ಬೆಂಚಿನಲ್ಲಿ ಪಕ್ಕ ಕೂತಿದ್ದ ದೇವಲಾಪುರದ ಅಜ್ಜ ತಮ್ಮ ಚೀಟಿಯನ್ನೂ ಓದಿ ಹೇಳೆಂದು ಕೊಟ್ಟರು. ಅದರಲ್ಲೂ ಅವೇ ಐದು.

"ಇಬ್ರುದೂ ಒಂದೇಯಾ? ಅಂಗಾರೆ ನಿಮ್ಮವ್ವ ನಂಗೆ ಒಡುಟ್ಟಿದೋಳೇ ಆಗ್ಬೇಕು ಕಣವ್ವ!" ಎಂದು ಅಜ್ಜ ನಕ್ಕರು.

ಎರಡೂ ಚೀಟಿ ಹಿಡಿದು ಒಳಗೆ ನುಗ್ಗಿದೆ. ಪರೀಕ್ಷೆ ಮಾಡುವ ಪುಟ್ಟಸ್ವಾಮಿಯ ಎಣಿಕೆಯ ಯಂತ್ರ ಎಂದೋ ಕೆಟ್ಟಿತ್ತು. ಅದರ ಬದಲಿಗೆ ಆತ ಮನೆಯಿಂದ ತಂದಿಟ್ಟುಕೊಂಡದ್ದು ಅಳಗುಳಿಮಣೆ. ಅದರ ಹದಿನಾಲ್ಕರಲ್ಲಿ ಐದು ಕುಳಿ, ಐದು ಜಾತಿಗೆ. ಕಂಡ ಒಂದೊಂದು ಕಣಕ್ಕೆ ಒಂದೊಂದು ಹುಣಸೆಬೀಜ. ನೂರು ಬೀಜ ತೀರಿದರೆ ಎಣಿಕೆ ಮುಗಿಯಿತು. ಸೊಗಸಾದ ವಿಧಾನವೇ. ಆದರೆ ಕುಳಿಗಳ ಮೇಲೆ ಜೇಡ ಬಲೆ ನೇಯ್ದಿತ್ತು.

"ನಮ್ಮವ್ವನ ನೂರನ್ನು ಎಲ್ಲಿ ಎಣಿಸಿದಿರಿ?"

"ಮೇಡಮ್ಮೋರೇ, ಮೂರು ದಿನದಿಂದ ಕರೆಂಟಿಲ್ಲ. ಜನ ಸಾಲಾಗಿ ಬಂದ್ಬುಟ್ರು. ಎಲ್ರುದೂ ಇಂಗೇ ಇರ್ತದೆ ಅಂತ..."

"ಅಂತ ಬರೆದುಬಿಟ್ಟಿರಾ?"

"ಬರ್ದ್ಬುಟ್ಟೆ."

ನಾಲ್ಕು ಪುಟದ ಭಾಷಣ ಸಿದ್ಧವಾಗಿತ್ತು. ಅಷ್ಟು ಸಲೀಸಾದ ಒಪ್ಪಿಗೆಯ ಮುಂದೆ ಅದು ಕೆಲಸಕ್ಕೆ ಬರಲಿಲ್ಲ. ಅಜ್ಜನದನ್ನೂ ಅವ್ವನದನ್ನೂ ಈಗಲೇ, ನನ್ನ ಎದುರಿಗೇ ಎಣಿಸಬೇಕೆಂದಷ್ಟೇ ಹೇಳಿದೆ.

ಆತ ಸೂಕ್ಷ್ಮದರ್ಶಕವನ್ನು ಕಿಟಕಿಗೆ ಒಯ್ದು, ಅದರ ಕನ್ನಡಿಯಿಂದ ಬಿಸಿಲು ಹಿಡಿದ. ಮೊದಲು ಅವ್ವನದು. ಆತ ಹೆಸರು ಕೂಗಿದಂತೆ ನಾನು ಬೀಜ ಹಾಕಿದೆ. ಇಯೋಸಿನೋಫಿಲ್ಲಿನ ಕುಳಿ ತುಂಬಿ ಬೀಜ ಹೊರಕ್ಕೆ ಜಾರತೊಡಗಿದಾಗ ಆತನ ದನಿ ಇಳಿಯಿತು. ನಲವತ್ತೆಂಟು.

"ಡಾಕ್ಟ್ರು ಬ್ಯಾರೆ ಯೋಚ್ನೆ ಮಾಡ್ಬೇಕಾಯ್ತದೆ," ಎಂದು ಪುಟ್ಟಸ್ವಾಮಿ ಹಳೆಯ ವರದಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಹೊಸದಕ್ಕೆ ರುಜು ಹಾಕಿ ನನ್ನತ್ತ ತಳ್ಳಿದ. "ಬೀಜ ಹಾಕ್ದೋರು ನೀವು. ನೀವೂ ಒಂದ್ ರುಜು ಹಾಕ್ಬುಡಿ."

ಪೆನ್ನು ಎತ್ತಿದೆ. ನಡುವೆ ಒಮ್ಮೆ ಬೆವರು ಒರೆಸಿಕೊಂಡಿದ್ದೆನಲ್ಲ, ಆಗ ಬೀಜ ಯಾವ ಕುಳಿಗೆ ಬಿತ್ತು?

"ಇನ್ನೊಮ್ಮೆ ಎಣಿಸೋಣವೇ?" ಎಂದೆ. ಆತ ಕನ್ನಡಿಯನ್ನು ಮತ್ತೆ ಬಿಸಿಲಿಗೆ ತಿರುಗಿಸಿದ.

ಎರಡನೆಯ ಎಣಿಕೆ ನಲವತ್ತಾರು. ಅಜ್ಜನದನ್ನೂ ಎಣಿಸಿ ಮುಗಿಸಿ, ಅವ್ವನ ಎರಡೂ ಅಂಕಿಗಳನ್ನು ಡಾಕ್ಟರಿಗೆ ತೋರಿಸಿದೆ. ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದ ಡಾಕ್ಟರು ಕ್ಷಯವನ್ನು ಕೈಬಿಟ್ಟು, ಕೆಮ್ಮು ಉಬ್ಬಸ ತರುವ ಹುಳುವಿಗೆ ಮಾತ್ರೆ ಬರೆದರು. ಮೂರು ವಾರಕ್ಕೆ ಕೆಮ್ಮು ನಿಂತಿತು. ವ್ಯತ್ಯಾಸ ಬಂದ ಆ ಎರಡು ಕಣಗಳಿಗೆ ಹೊಣೆ ಆತನ ಕಣ್ಣೋ ನನ್ನ ಕೈಯೋ ಎಂದು ಮಾತ್ರ ನಾನು ಈವರೆಗೆ ಯಾರನ್ನೂ ಕೇಳಿಲ್ಲ.