ಕಂಬದ ಮೈಕಿನ ಗುಂಯ್ ಅಡಗಿಸುವ ಬಿರಾಗೊ

ಟೆಚಿಮನ್ ಪೇಟೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿರಾಗೊ ತಮ್ಮ ಮರದ ಗೂಡಂಗಡಿಯ ಬೀಗ ತೆಗೆಯುವ ಮೊದಲೇ ಓಪನಿನ್ ತವಿಯಾ ಬೆಂಚಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಡಬ್ಬಿ. ಬೆಂಚು ಮೇಜಿಗೆ ಎದುರಾಗಿಯೇ ಇದೆ. ಇಲ್ಲಿ ಸಾಮಾನು ಕೊಟ್ಟು ಹೋಗುವವರಿಲ್ಲ. ಕೂತು, ರಿಪೇರಿ ಮಾಡುವವರ ಬೆರಳನ್ನೇ ನೋಡುತ್ತಾರೆ. ಒಳ್ಳೆಯ ಭಾಗ ಬಿಚ್ಚಿಕೊಂಡು ಹಳೆಯದನ್ನು ಕೂರಿಸಿಬಿಟ್ಟರೆ?

ತವಿಯಾ ಕೇರಿಯ ಹಿರಿಯರು, ಅಂದರೆ ಓಪನಿನ್; ಮಾತಾಡಿಸುವವರಿಗೆ ‘ನಾನಾ’. ಕಂಬದ ಮೈಕಿನ ಯಜಮಾನರೂ ಅವರೇ. ಯಾರು ತೀರಿಕೊಂಡರು, ಯಾರ ಮೇಕೆ ಕಳೆದಿದೆ, ನೀರು ಯಾವಾಗ ಬರುತ್ತದೆ, ಎಲ್ಲವೂ ನಸುಕಿನಲ್ಲಿ ಆ ಕಂಬದಿಂದಲೇ ತಿಳಿಯಬೇಕು. ಸೋಲಾರ್ ಬ್ಯಾಟರಿಯ ಇಪ್ಪತ್ನಾಲ್ಕು ವೋಲ್ಟನ್ನು ಆಂಪ್ಲಿಫೈಯರಿಗೆ ಬೇಕಾದ ಹನ್ನೆರಡಕ್ಕೆ ಇಳಿಸುವ ಕನ್ವರ್ಟರ್ ಆ ಡಬ್ಬಿಯಲ್ಲಿದೆ. ಅದು ಕರೆಂಟನ್ನು ಚಕಚಕನೆ ಕತ್ತರಿಸಿ ಮತ್ತೆ ಜೋಡಿಸುತ್ತದೆ. ಜೋಡಿಸಿದ ಮೇಲೂ ಸಣ್ಣ ಅಲೆಯೊಂದು ಉಳಿಯುತ್ತದೆ. ಅಲೆ ಹೆಚ್ಚಾದರೆ ಮೈಕು ಗುಂಯ್‌ಗುಡುತ್ತದೆ. ಆ ಅಲೆಯನ್ನು ಅಡಗಿಸುವುದೇ ಬಿರಾಗೊ ಅವರ ಕಸುಬು.

ಬಿರಾಗೊ ಡಬ್ಬಿ ಬಿಚ್ಚಿದರೆ ಒಳಗಿನ ಭಾಗಕ್ಕೆಲ್ಲ ಕೆಂಪು ಚುಕ್ಕೆ. ಬದಲಾಯಿಸಿದರೆ ತಿಳಿಯಲೆಂದು ತವಿಯಾ ಇಟ್ಟ ಗುರುತು.

“ನೋಡ್ಕೊಳ್ಳಿ ನಾನಾ, ಎಲ್ಲಾ ಹಾಗೇ ಇದೆ. ಹೆಂಡ್ತಿ ಉಗುರುಬಣ್ಣಾನೆಲ್ಲ ಇದಕ್ಕೇ ಸುರಿದಿದೀರಿ. ಪಾಪ, ಅವರ ಬೆರಳಿಗೇನು ಉಳೀತು?”

“ಬಣ್ಣ ಕೆರೆದು ಮತ್ತೆ ಹಚ್ಚೋರನ್ನೂ ನೋಡಿದೀನಿ, ಮೇಡಂ ಮಾಸ್ಟರ್. ಹೋದ ವಾರ ನೀನು ಮುಟ್ಟಿದ್ಮೇಲೂ ಗುಂಯ್ ನಿಂತಿಲ್ಲ. ಇವತ್ತೂ ನಿಲ್ಲಲಿಲ್ವೋ, ನಾಳೆ ಕಂಬದಿಂದ ನಿನ್ನ ಹೆಸರು ಕೂಗಿಸ್ತೀನಿ. ಬಿರಾಗೊ ಸಾಮಾನು ಕದೀತಾಳೆ ಅಂತ.”

“ಕೂಗ್ಸಿ. ಆದ್ರೆ ಈಗಿರೋ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ. ನನ್ನ ಕಳ್ಳಿ ಅನ್ನೋಕೂ ನಾನೇ ರಿಪೇರಿ ಮಾಡಿಕೊಡ್ಬೇಕು.”

ಪಕ್ಕದಲ್ಲಿ ಗಂಜಿ ಮಾರುವ ಹಾಜಿಯಾ ಸೌಟು ಹಿಡಿದುಕೊಂಡೇ ನಗುತ್ತಾರೆ. ತವಿಯಾ ನಗುವುದಿಲ್ಲ. ಬಿರಾಗೊ ಅವರ ಮನಸ್ಸೂ ಹಗುರಾಗಿಲ್ಲ. ಕಂಬದಿಂದ ಒಮ್ಮೆ ಹೆಸರು ಬಂದರೆ ಈ ಬೆಂಚಿನ ಮೇಲೆ ಮತ್ತೆ ಯಾರೂ ಕೂರುವುದಿಲ್ಲ.

ಈ ಕೆಲಸ ಕಲಿಸಿದ ಸೋದರಮಾವನ ಅಂಗಡಿ ಹಾಗೆಯೇ ಮುಚ್ಚಿತು. ಅಲೆ ಅಡಗಿಸಲೆಂದು ಅವರು ಕೊಂಡ ಕೆಪಾಸಿಟರುಗಳು ಖೋಟಾ. ದೊಡ್ಡ ಕವಚದೊಳಗೆ ಚಿಕ್ಕದೊಂದನ್ನು ಅಡಗಿಸಿ ಮಾರಿದ್ದರು. ಮಾರಿದವನು ಊರು ಬಿಟ್ಟ. ಕೆಟ್ಟ ಹೆಸರು ಮಾವನಿಗೆ ಬಂತು. ಅಂದಿನಿಂದ ಬಿರಾಗೊ ಪ್ರತಿ ಕಟ್ಟಿನಲ್ಲೂ ಒಂದನ್ನು ಸೀಳಿ ನೋಡುತ್ತಾರೆ. “ಅಂಗಡಿಯವನ ಮಾತಿರಲಿ, ಕೆಪಾಸಿಟರ್ ಮೇಲೆ ಬರೆದಿರೋದನ್ನೂ ನಂಬಲ್ಲ ನಾನು,” ಎನ್ನುತ್ತಾರೆ.

ಅಲೆ ತೋರಿಸುವ ಪರದೆಗೆ ಡಬ್ಬಿಯನ್ನು ಜೋಡಿಸಿದರೆ ಗೆರೆ ಮುಳ್ಳುಮುಳ್ಳಾಗಿ ಏಳುತ್ತದೆ. “ನೋಡು, ನೋಡು,” ಎಂದು ತವಿಯಾ ಬೆಂಚಿನಿಂದ ಏಳುತ್ತಾರೆ. ಬಿರಾಗೊ ಪರದೆಯನ್ನೂ ನಂಬುವವರಲ್ಲ. ಅಳೆಯುವ ಕಡ್ಡಿಗೆ ಬಾಲದಂತೆ ಜೋತುಬಿದ್ದ ತಂತಿಯನ್ನು ಕಿತ್ತು, ಗೇಣುದ್ದವೂ ಇಲ್ಲದ ಬರಿ ತಂತಿಯೊಂದನ್ನು ಅದರ ತುದಿಗೆ ಸುತ್ತಿ ಮತ್ತೆ ಹಿಡಿಯುತ್ತಾರೆ. ಮುಳ್ಳು ಮಲಗುತ್ತದೆ.

“ಏನೋ ಕೈಚಳಕ ಮಾಡಿದೆ ನೀನು.”

“ಡಬ್ಬಿ ಸರಿ ಇದೆ ನಾನಾ. ಉದ್ದ ತಂತಿ ಸುತ್ತಮುತ್ತಲಿನ ಸದ್ದನ್ನೆಲ್ಲ ಹಿಡ್ಕೊಳ್ಳತ್ತೆ, ಅಷ್ಟೇ.” ಹೇಳಿದ ಮೇಲೆ ಅವರ ಕೈ ನಿಲ್ಲುತ್ತದೆ. “ಮನೇಲಿ ಇದನ್ನ ಎಲ್ಲಿಟ್ಟಿರ್ತೀರಿ?”

“ಇಡೋ ಕಡೆ.”

“ಎಲ್ಲಿ?”

“ನಿಂಗ್ಯಾಕೆ? ಕದಿಯೋಕಾ?”

ಬಿರಾಗೊ ಅಂಗಡಿಗೆ ಬೀಗ ಹಾಕಿ ಅವರ ಹಿಂದೆಯೇ ನಡೆಯುತ್ತಾರೆ.

ಕನ್ವರ್ಟರ್ ಇರಬೇಕಾದದ್ದು ಅವರ ಮನೆಯಂಗಳದ ಮೂಲೆಯಲ್ಲಿರುವ ಕಂಬದ ಕೆಳಗಿನ ಕೋಣೆಯಲ್ಲಿ, ಆಂಪ್ಲಿಫೈಯರಿನ ಪಕ್ಕ. ತವಿಯಾ ಅದನ್ನು ಇಡುವುದು ತಮ್ಮ ಮಂಚದ ಕೆಳಗೆ, ಬೀಗ ಹಾಕಿದ ಕಬ್ಬಿಣದ ಟ್ರಂಕಿನಲ್ಲಿ. ಹಿಂದಿನ ಕನ್ವರ್ಟರ್ ಕಳುವಾಗಿತ್ತು. ತಂತಿ ಟ್ರಂಕಿನ ತೂತಿನಿಂದ ಹೊರಟು, ಕಿಟಕಿ ದಾಟಿ, ಅಂಗಳದ ಗೋಡೆಗುಂಟ ಮೈಕಿನ ಕೋಣೆಗೆ ಬರುತ್ತದೆ. ಮಿಕ್ಕ ತಂತಿಯನ್ನು ಸಿಂಬಿ ಸುತ್ತಿ ಮೈಕಿನ ವೈರಿನ ಪಕ್ಕದ ಮೊಳೆಗೇ ನೇತುಹಾಕಿದೆ.

“ಗುಂಯ್ ಅಂತಿರೋದು ನಿಮ್ಮ ಅನುಮಾನ, ನಾನಾ. ತಂತಿ ಇಷ್ಟುದ್ದ ಇರ್ಬಾರ್ದು, ಡಬ್ಬಿ ಇಲ್ಲೇ ಇರ್ಬೇಕು.”

“ಇಲ್ಲಿ ಇಡಲ್ಲ. ಯಾರ್ಯಾರೋ ಬರ್ತಾರೆ.”

ಕೊನೆಗೆ ತವಿಯಾ ಟ್ರಂಕನ್ನೇ ಅಂಗಳದುದ್ದಕ್ಕೂ ಎಳೆದು ತಂದು ಆಂಪ್ಲಿಫೈಯರಿನ ಕೆಳಗೆ ಇಡುತ್ತಾರೆ. ಬಿರಾಗೊ ತಂತಿಯನ್ನು ಮೋಟು ಮಾಡಿ, ಎರಡೆಳೆಯನ್ನೂ ಹೊಸೆದು, ಆಂಪ್ಲಿಫೈಯರಿಗೆ ಕರೆಂಟು ಸೇರುವಲ್ಲಿ ತಾವು ತಂದ ಕೆಪಾಸಿಟರ್ ಬೆಸೆಯುತ್ತಾರೆ. ಡಬ್ಬಿ ಟ್ರಂಕಿನೊಳಗೆ ಸೇರಿ ಬೀಗ ಬಿದ್ದದ್ದೇ ತವಿಯಾ ಅದರ ಮೇಲೆ ಕೂರುತ್ತಾರೆ. ಮೈಕು ಹಾಕಿದರೆ ಗುಂಯ್ ಇಲ್ಲ.

ಬಿರಾಗೊ ಮನೆಯೊಡತಿಯಿಂದ ಉಗುರುಬಣ್ಣ ಕೇಳಿ ತಂದು, ಈಗಷ್ಟೇ ಬೆಸೆದ ಕೆಪಾಸಿಟರಿಗೆ ಒಂದು ಚುಕ್ಕೆ ಇಡುತ್ತಾರೆ.

“ಇದ್ಯಾಕೆ?”

“ನೀವು ಇದನ್ನ ಬೇರೆಯವರ ಹತ್ರ ಬದಲಾಯಿಸ್ಕೊಂಡು, ನನ್ನ ಹತ್ರ ಜಗಳಕ್ಕೆ ಬಂದ್ರೆ?”

ತವಿಯಾ ತಲೆಯಾಡಿಸುತ್ತಾರೆ. ಅದು ಅವರಿಗೂ ಸರಿ ಅನಿಸಿದೆ.

ಮರುದಿನ ನಸುಕು. ಬಿರಾಗೊ ಬೀಗದ ಕೈ ಹಿಡಿದು ಅಂಗಡಿಯ ಮುಂದೆ ನಿಂತಿದ್ದಾರೆ, ತೆಗೆದಿಲ್ಲ. ಕಂಬದಿಂದ ಒಂದು ಹೆಣ್ಣುದನಿ ತೀರಿಕೊಂಡ ಮುದುಕರೊಬ್ಬರ ವಾರದ ಕಾರ್ಯದ ಸುದ್ದಿ ಹೇಳುತ್ತದೆ. ಆಮೇಲೆ ಒಂದು ಮೇಕೆ. ಆಮೇಲೆ ನೀರು. ಅಲ್ಲಿಗೆ ಮುಗಿಯುತ್ತದೆಯೇ, ಇನ್ನೊಂದು ಹೆಸರು ಇದೆಯೇ? ಮೇಕೆಯ ಸುದ್ದಿ ಎರಡನೇ ಸಲ ಶುರುವಾಗುತ್ತದೆ.

“ಹೊಗಳೋದೇನೂ ಬೇಡ. ಆ ಕಂಬದಿಂದ ನನ್ನ ಹೆಸರು ಬರ್ದೇ ಇದ್ರೆ ಸಾಕು,” ಎನ್ನುತ್ತಾರೆ ಬಿರಾಗೊ, ಬೀಗ ತೆಗೆಯುತ್ತ. ಆಮೇಲೆ ಬೆರಳೆತ್ತಿ ಹಾಜಿಯಾರ ಸೌಟನ್ನು ತಡೆಯುತ್ತಾರೆ. “ಸ್ವಲ್ಪ ಕೇಳು. ಅವಳು ಉಸಿರು ತಗೊಳ್ಳೋಕೆ ನಿಲ್ಲಿಸ್ತಾಳಲ್ಲ, ಆಗ ಏನೂ ಕೇಳ್ಸಲ್ಲ. ಅದು ನಂದು.”