ಬಾಯಿಗೆ ಬಂದದ್ದೆಲ್ಲ ಮೈಕಿಗೆ

ನನ್ನ ಗಂಡನ ಗಂಟಲು ಕಟ್ಟದೇ ಇದ್ದಿದ್ದರೆ ನಾನು ಮೈಕು ಹಿಡಿಯುತ್ತಲೇ ಇರಲಿಲ್ಲ. ಸಿಂಧನೂರಿನಲ್ಲಿ ನಮ್ಮದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಸಭೆಗಳಿಗೆ ಸೆಟ್ಟು ಬಾಡಿಗೆ ಕೊಡುವುದು, ಟೂರಿಂಗ್ ಟಾಕೀಸಿಗೆ ಹೊಸ ಸಿನಿಮಾ ಬಂದಾಗ ಟಾಂಗಾದಲ್ಲಿ ಕೂತು ಊರೆಲ್ಲ ಸಾರುವುದು ಅವರ ಕೆಲಸ. ಕಾಲುವೆ ಬಂದು ಭತ್ತ ಹಬ್ಬಿದ ಮೇಲೆ ಊರಿಗೆ ಜನ ಹೆಚ್ಚಿದ್ದರು, ಸಿನಿಮಾಗಳೂ ಹೆಚ್ಚಿದ್ದವು. ನನಗಾಗ ಇಪ್ಪತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ನನ್ನ ಮಾತು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ.

ಒಂದು ಸಂತೆಯ ಬೆಳಿಗ್ಗೆ ಅವರು ಬಾಯಿ ತೆರೆದರೆ ಬರೀ ಗಾಳಿ ಬಂತು. ಟಾಂಗಾ ಬಾಗಿಲಲ್ಲಿ ನಿಂತಿತ್ತು. ಅತ್ತೆ ನನ್ನ ಕಡೆ ತಿರುಗಿದರು.

“ನೀ ಓದಿದಾಕಿ. ಚೀಟಿ ನೋಡಿ ಓದಾಕ ಏನ್ ಕಷ್ಟ? ಹೋಗಿ ಬಾ.”

“ಸಂತ್ಯಾಗ ಹೆಂಗ್ರೀ ಅತ್ತಿ, ನಾ ಹೆಣ್ಮಗಳು.”

“ಅಲ್ಲಿ ಬದ್ನಿಕಾಯಿ ಮಾರೋರೂ ಹೆಣ್ಮಕ್ಕಳ. ಅವ್ರೇನ್ ಕಿವ್ಯಾಗ ಹೇಳಿ ಮಾರ್ತಾರೇನು?”

ಸಂತೆಯಲ್ಲಿ ಟಾಂಗಾದ ಮೇಲೆ ಕೂತು ಮೊದಲ ಸಾಲನ್ನು ಚೀಟಿಯಿಂದ ಕಣ್ಣೆತ್ತದೆ ಓದಿದೆ. ಎರಡನೆಯದು ಎದುರಿನ ಅಂಗಡಿಗಳ ಗೋಡೆಗೆ ಬಡಿದು ನನಗೇ ಮರಳಿ ಕೇಳಿಸಿತು. ಅಷ್ಟು ದೊಡ್ಡ ದನಿ ನನ್ನದು ಎಂದು ತಿಳಿದಾಗ ಜೋಕಾಲಿಯಲ್ಲಿ ಮೇಲಕ್ಕೆ ಜೀಕಿದಂತಾಯಿತು. ಚೀಟಿ ಮುಗಿದರೂ ನಾನು ಮುಗಿಸಲಿಲ್ಲ. ದಾರಿಗಡ್ಡ ನಿಂತ ಬಂಡಿಗೆ ಪಕ್ಕಕ್ಕೆ ಸರಿ ಎಂದೆ, ಬಿಸಿಲಲ್ಲಿ ನಿಂತವರಿಗೆ ನೆರಳಿಗೆ ಹೋಗಿರಿ ಎಂದೆ. ಜನ ನಕ್ಕರು. ಅವರು ನಕ್ಕಷ್ಟೂ ನನಗೆ ಮಾತು ಹುಟ್ಟುತ್ತಿತ್ತು.

ಆಗ ರೈತ ಮುದುಕಿಯೊಬ್ಬಳು ಟಾಂಗಾ ನಿಲ್ಲಿಸಿದಳು. “ಯವ್ವಾ, ನಿನ್ನ ಮಾತು ದೂರ ಹೋಗತೈತಿ. ಕಾಲುವಿ ಕೊನ್ಯಾಗಿನ ನಮ್ಮ ಹೊಲಕ್ಕ ಹನ್ನೆರಡು ದಿನದಿಂದ ನೀರಿಲ್ಲ. ಸಸಿ ಒಣಗಾಕತ್ತ್ಯಾವ. ಅದನ್ನೂ ಒಂದೀಟು ಹೇಳು.”

“ಸಿನಿಮಾದ್ದಷ್ಟ ಹೇಳ್ರಿ ಅಕ್ಕಾರ,” ಎಂದು ಟಾಂಗಾದವನು ತಡೆದ. ನಾನು ನೀರಿನದನ್ನು ಮೂರು ಸಲ ಹೇಳಿದೆ.

ಮಧ್ಯಾಹ್ನ ನೀರು ನೋಡಿಕೊಳ್ಳುವ ಸಾಹೇಬರೊಬ್ಬರು ಅಂಗಡಿಗೇ ಬಂದರು. “ಸಿನಿಮಾ ಸಾರಾಕ ನಿಮಗ ಪರವಾನಗಿ ಐತಿ. ನೀರಿನ ಸುದ್ದಿ ಹೇಳಾಕ ಯಾರು ಕೊಟ್ರು?”

ದನಿಯಿಲ್ಲದ ನನ್ನ ಗಂಡ ಕೈ ಮುಗಿದು ನಿಂತರು. ನನಗೆ ಇನ್ನೂ ಬೆಳಗಿನ ಅಮಲು ಇಳಿದಿರಲಿಲ್ಲ. “ನಾ ಹೇಳಿದ್ದು ಸುಳ್ಳಿದ್ರ ಇದ ಮೈಕಿನ್ಯಾಗ ತಪ್ಪಾತು ಅಂತೀನ್ರಿ ಸಾಹೇಬ್ರ. ಮೊದ್ಲ ಹೊಲಾ ನೋಡಿ ಬರ್ರಿ.”

ಅವರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಆದರೆ ಹೊಲ ನೋಡಿದರು. ಕಾಲುವೆಯ ನಡುವೆ ಹೂಳು, ಜೊಂಡು ಕಟ್ಟಿಕೊಂಡಿತ್ತಂತೆ, ತೆಗೆಸಿದರು. ಮೂರನೇ ದಿನ ನೀರು ಹರಿಯಿತು. ಮುದುಕಿ ಒಂದು ಬುಟ್ಟಿ ಸೌತೆಕಾಯಿ ತಂದು ನನ್ನ ಮುಂದೆ ಸುರಿದಳು.

ನನ್ನ ತಲೆ ತಿರುಗಿದ್ದು ಅಲ್ಲಿಂದ. ಮುಂದಿನ ಸಂತೆಗೆ ಗಂಡನ ಗಂಟಲು ಸರಿಹೋಗಿದ್ದರೂ ಮೈಕು ನಾನೇ ಹಿಡಿದೆ. ಕಳೆದ ಕರು, ಏಳನೇ ಇಯತ್ತೆ ಪಾಸಾದ ಮಗಳು, ಯಾರು ಏನು ಹೇಳಿದರೂ ಸಾರಿದೆ. ಒಬ್ಬ ವ್ಯಾಪಾರಿ ಹತ್ತಿರ ಬಂದು, ಮೂಲೆಯಲ್ಲಿ ಜೋಳ ಮಾರುವ ಹೆಂಗಸು ಅದರಲ್ಲಿ ಕಲ್ಲಿನ ಹರಳು ಬೆರೆಸುತ್ತಾಳೆ ಎಂದ. “ಆಕಿ ಜ್ವಾಳದ ರೊಟ್ಟಿ ತಿನ್ನೋರು ಹಲ್ಲು ಮನ್ಯಾಗ ಇಟ್ಟು ಬರ್ರಿ,” ಎಂದು ಸಾರಿದೆ. ಸಂತೆಯೇ ನಕ್ಕಿತು. ನಾನೂ ನಕ್ಕೆ.

ಸಂಜೆ ಆ ಹೆಂಗಸು ತುಂಬಿದ ಚೀಲ ಹೊತ್ತು ಬಂದು ನಮ್ಮ ಕಟ್ಟೆಯ ಮೇಲೆ ಇಳಿಸಿದಳು. ನಾನು ಮಾತಾಡಿದ ಮೇಲೆ ಒಂದು ಸೇರೂ ಹೋಗಿರಲಿಲ್ಲ.

“ಜ್ವಾಳಾ ಕೇರಿ ನೋಡು,” ಅಂದಳು.

ಮೊರ ತಂದು ಕೇರಿದೆ. ಅತ್ತೆಯೂ ಕೇರಿದರು. ಒಂದು ಹರಳೂ ಸಿಗಲಿಲ್ಲ. ಆ ವ್ಯಾಪಾರಿಯದೂ ಜೋಳದ ಅಂಗಡಿಯೇ, ಅವಳ ಪಕ್ಕದಲ್ಲೇ.

“ಸಾಹೇಬ್ರಿಗೆ ಹೊಲಾ ನೋಡಿ ಬರ್ರಿ ಅಂದಿಯಂತ. ನೀ ನನ್ನ ಚೀಲಾ ನೋಡಿದ್ದೇನು?”

ನನ್ನ ದನಿ ಮತ್ತೆ ಮೊದಲಿನಷ್ಟೇ ಸಣ್ಣದಾಯಿತು. “ತಪ್ಪಾತ್ರೀ ಅಕ್ಕ. ಮುಂದಿನ ಸಂತ್ಯಾಗ ಹೇಳ್ತೀನಿ.”

“ಕೇಳಿದೋರೆಲ್ಲ ಇಲ್ಲೇ ಕುಂತಾರೇನು? ಮಸ್ಕಿಯೋರು ಕೇಳ್ಯಾರ, ಲಿಂಗಸುಗೂರಿನೋರು ಕೇಳ್ಯಾರ. ಅಲ್ಲೂ ಹೇಳು.”

ಹೀಗೆ ಆ ವಾರ ಹಾರ್ನು, ಬ್ಯಾಟರಿ, ಎರಡು ಚೀಲ ಜೋಳ ಬಸ್ಸಿನ ಮೇಲೇರಿದವು. ಅವಳು, ನಾನು, ನನ್ನ ಗಂಡ ಮಸ್ಕಿಯ ಸಂತೆಯಲ್ಲಿ ಇಳಿದೆವು. ನೋಡದೆ ಆಡಿದೆ, ಸುಳ್ಳು ಆಡಿದೆ, ಇವರ ಜೋಳ ಚೊಕ್ಕ ಎಂದು ಮೈಕಿನಲ್ಲಿ ಹೇಳಿದೆ. ಕಿವಿ ಸುಡುತ್ತಿತ್ತು. ಜನ ಮುಖ ಮುಖ ನೋಡಿಕೊಂಡರು.

“ಯಾವ ಜ್ವಾಳರೀ?” ಎಂದು ಒಬ್ಬ ಕೇಳಿದ. ಅಲ್ಲಿ ಹೆಚ್ಚಿನವರಿಗೆ ಆ ಸುದ್ದಿಯೇ ಮುಟ್ಟಿರಲಿಲ್ಲ.

ಜೋಳದ ಅಕ್ಕ ನನ್ನ ಕೈಯಿಂದ ಮೈಕು ಕಸಿದುಕೊಂಡಳು. “ಇದ ಜ್ವಾಳರೀ. ಬಂದು ಕೈ ಹಾಕಿ ನೋಡ್ರಿ. ಹರಳು ಸಿಕ್ರ ಚೀಲಾನ ನಿಮ್ಮದು.” ತನ್ನ ದನಿ ತಾನು ಕೇಳಿ ಒಂದು ಗಳಿಗೆ ನಿಂತಳು. ಅವಳ ಮುಖದಲ್ಲಿ ಮೂಡಿದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಜನ ಕೈ ಹಾಕಿದರು, ನಕ್ಕರು, ಕೊಂಡರು. ಒಂದು ಚೀಲ ಅಲ್ಲೇ ಬರಿದಾಯಿತು.

ಲಿಂಗಸುಗೂರಿನಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಎರಡೇ ಮಾತು. ಉಳಿದದ್ದೆಲ್ಲ ಅವಳದು: ಜೋಳ, ರೊಟ್ಟಿ ಬಡಿಯುವ ಬಗೆ, ಸೊಸೆಯ ಕೈಗುಣ. ಸೊಸೆಯ ವಿಷಯ ಬಂದಾಗ ನಾನು ಅವಳ ಸೆರಗು ಜಗ್ಗಿ ಕಿವಿಯಲ್ಲಿ, “ಇದನ್ನ ಹೇಳಾಕ ಆಕಿನ್ನ ಕೇಳೀರೇನು?” ಎಂದೆ. ತಟ್ಟನೆ ನಿಲ್ಲಿಸಿ, ನಾಲಗೆ ಕಚ್ಚಿಕೊಂಡು, ಮತ್ತೆ ಜೋಳಕ್ಕೆ ಬಂದಳು. ಬ್ಯಾಟರಿ ಇಳಿಯುವವರೆಗೂ ಮಾತಾಡಿದಳು. ಹಾರ್ನು ಸುಮ್ಮನಾದದ್ದು ಅವಳಿಗೆ ತಿಳಿಯಲೇ ಇಲ್ಲ. ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಗುತ್ತ ಅವಳನ್ನು ಬಸ್ಸಿಗೆ ಹತ್ತಿಸಿದೆವು.